ಎಲಿಯಾಸ್ ಹೋವ್‌ನ ಹೊಲಿಗೆ ಯಂತ್ರ

ಮಾನವನು ಸೂಜಿಯನ್ನು ಬಳಸಲು ಕಲಿತು ಸಹಸ್ರಾರು ವರ್ಷಗಳು ಸಂದಿವೆ. ಆದಿಮಾನವನು ಪ್ರಾಣಿಗಳ ಮೂಳೆಯನ್ನು ಸವೆಸಿ, ಚೂಪುಗೊಳಿಸಿ, ಅದರ ಹಿಂತುದಿಯಲ್ಲಿ ರಂಧ್ರವನ್ನು ಕೊರೆದು ಸೂಜಿಯನ್ನು ಮಾಡಿಕೊಂಡನು. ಅದರಿಂದ ಚರ್ಮದ ತುಂಡುಗಳನ್ನು ಜೋಡಿಸಿ ಹೊದೆದನು. ಕಾಲ ಉರುಳಿದಂತೆ ಮೂಳೆಯ ಸೂಜಿ ಹೋಗಿ ಲೋಹದ ಸೂಜಿ ಬಂದಿತು. ಆದರೆ ಸೂಜಿಯ ಆಕಾರವಾಗಲಿ ಹೊಲಿಯುವ ಕ್ರಮವಾಗಲಿ ಬದಲಾಗಲಿಲ್ಲ. ಒಂದು ತುದಿ ಚೂಪಾಗಿರಬೇಕು, ಮತ್ತೊಂದು ತುದಿಯಲ್ಲಿ ದಾರ ಪೋಣಿಸುವ ಕಣ್ಣಿರಬೇಕು. ಕೈ ಅದನ್ನು ಬಟ್ಟೆಯೊಳಕ್ಕೆ ಚುಚ್ಚಿ ಆಚೆಯಿಂದ ಎಳೆದುಕೊಳ್ಳಬೇಕು. ಅರಸನ ನಿಲುವಂಗಿಗೂ ಬಡವನ ತೇಪೆಗೂ ಇದ್ದುದು ಇದೊಂದೇ ಮಾರ್ಗ. ಸೂಜಿಯ ಕಣ್ಣು ಹಿಂತುದಿಯಲ್ಲಿಯೇ ಏಕಿರಬೇಕು ಎಂಬ ಪ್ರಶ್ನೆ ಶತಮಾನಗಳ ಕಾಲ ಯಾರಿಗೂ ಹೊಳೆಯಲಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿನಲ್ಲಿ ನೂಲುವ ಯಂತ್ರಗಳು ಬಂದವು. ನೇಯುವ ಯಂತ್ರಗಳೂ ಬಂದವು. ಗಿರಣಿಗಳಿಂದ ಬಟ್ಟೆ ಪ್ರವಾಹದಂತೆ ಹರಿದುಬರತೊಡಗಿತು. ಆದರೆ ಆ ಬಟ್ಟೆ ಅಂಗಿಯಾಗಬೇಕಾದರೆ ಮತ್ತೆ ಮನುಷ್ಯನ ಬೆರಳುಗಳನ್ನೇ ಆಶ್ರಯಿಸಬೇಕಾಗಿತ್ತು. ಲಂಡನ್, ಪ್ಯಾರಿಸ್, ಬಾಸ್ಟನ್ ಮೊದಲಾದ ನಗರಗಳಲ್ಲಿ ಸಹಸ್ರಾರು ಬಡ ಹೆಂಗಸರು ಮೇಣದ ಬತ್ತಿಯ ಮಂದ ಬೆಳಕಿನಲ್ಲಿ ನಡುರಾತ್ರಿಯವರೆಗೂ ಹೊಲಿಯುತ್ತಿದ್ದರು. ಕಣ್ಣು ಮಂಜಾಗುತ್ತಿತ್ತು, ಬೆನ್ನು ಬಾಗುತ್ತಿತ್ತು. ಕೈಗೆ ಬರುತ್ತಿದ್ದ ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. 1843ರಲ್ಲಿ ಥಾಮಸ್ ಹುಡ್ ಎಂಬ ಆಂಗ್ಲ ಕವಿಯು ಅಂಗಿ ಹೊಲಿಯುವ ಬಡ ಹೆಣ್ಣಿನ ಬವಣೆಯನ್ನು ಕುರಿತು ಕವಿತೆಯೊಂದನ್ನು ಬರೆದಾಗ ಇಂಗ್ಲೆಂಡಿನ ಜನತೆಯ ಮನ ಕಲಕಿತು.

ಈ ಕಷ್ಟಕ್ಕೆ ಪರಿಹಾರವನ್ನು ಹುಡುಕಿದವರು ಇರಲಿಲ್ಲವೆಂದಲ್ಲ. ಫ್ರಾನ್ಸ್ ದೇಶದ ಬಾರ್ತೆಲೆಮಿ ತಿಮೊನಿಯೆ ಎಂಬ ದರ್ಜಿಯು 1830ರಲ್ಲಿ ಹೊಲಿಗೆ ಯಂತ್ರವೊಂದಕ್ಕೆ ಪೇಟೆಂಟ್, ಅಂದರೆ ಸರಕಾರ ನೀಡುವ ಏಕಸ್ವಾಮ್ಯದ ಸನ್ನದನ್ನು, ಪಡೆದನು. ಪ್ಯಾರಿಸಿನಲ್ಲಿ ಅಂತಹ ಸುಮಾರು 80 ಯಂತ್ರಗಳು ಸೈನಿಕರ ಉಡುಪುಗಳನ್ನು ಹೊಲಿಯತೊಡಗಿದವು. ತಮ್ಮ ಅನ್ನಕ್ಕೆ ಕುತ್ತು ಬಂದಿತೆಂದು ಬೆದರಿದ ದರ್ಜಿಗಳು 1831ರಲ್ಲಿ ಗುಂಪುಗೂಡಿ ನುಗ್ಗಿ ಯಂತ್ರಗಳನ್ನು ಪುಡಿಪುಡಿ ಮಾಡಿದರು. ತಿಮೊನಿಯೆಯು 1857ರಲ್ಲಿ ಬಡತನದಲ್ಲಿಯೇ ಕಣ್ಣು ಮುಚ್ಚಿದನು.

ಅಮೆರಿಕದಲ್ಲಿ ವಾಲ್ಟರ್ ಹಂಟ್ ಎಂಬ ಜಾಣನಾದ ಯಂತ್ರಶಿಲ್ಪಿ ಇದ್ದನು. ಅವನು 1834ರ ಸುಮಾರಿಗೆ ಎರಡು ದಾರಗಳಿಂದ ಹೊಲಿಯುವ ಯಂತ್ರವನ್ನು ರಚಿಸಿದನು. ಆದರೆ ಇದರಿಂದ ಹೊಲಿಗೆಯ ಹೆಂಗಸರು ಕೆಲಸ ಕಳೆದುಕೊಳ್ಳುವರೆಂದು ಅವನ ಮಗಳೇ ಶಂಕಿಸಿದಳೆಂದು ಹೇಳುತ್ತಾರೆ. ಹಂಟನು ಪೇಟೆಂಟನ್ನು ಪಡೆಯಲಿಲ್ಲ. ಯಂತ್ರವನ್ನು ಬೆಳಕಿಗೆ ತರಲೂ ಶ್ರಮಿಸಲಿಲ್ಲ. ಅದು ಮೂಲೆಗುಂಪಾಯಿತು. ಹೀಗೆ ಒಂದೆಡೆ ಜನರ ಕೋಪಕ್ಕೆ, ಇನ್ನೊಂದೆಡೆ ರಚಿಸಿದವನ ಉದಾಸೀನಕ್ಕೆ ಗುರಿಯಾಗಿ ಹೊಲಿಗೆ ಯಂತ್ರವು ಹುಟ್ಟುತ್ತಲೇ ಕಣ್ಮರೆಯಾಗುತ್ತಿದ್ದ ಕಾಲದಲ್ಲಿ, ಅದನ್ನು ಕೈಬಿಡದೆ ಹಿಡಿದು ಉಳಿಸಿದವನು ಎಲಿಯಾಸ್ ಹೋವ್.

ಎಲಿಯಾಸ್ ಹೋವನು 1819ನೆಯ ಜುಲೈ 9ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆಗೆ ಸ್ವಲ್ಪ ಜಮೀನಿತ್ತು. ಹಿಟ್ಟಿನ ಗಿರಣಿಯೂ ಮರ ಕೊಯ್ಯುವ ಗಿರಣಿಯೂ ಇದ್ದವು. ಆದರೂ ದೊಡ್ಡ ಸಂಸಾರವಾದುದರಿಂದ ಮಕ್ಕಳೂ ದುಡಿಯಬೇಕಾಗಿತ್ತು. ಹತ್ತಿಯನ್ನು ಹಿಂಜುವ ಯಂತ್ರಗಳಿಗಾಗಿ ಚರ್ಮದ ಪಟ್ಟಿಗಳಿಗೆ ತಂತಿಯ ಹಲ್ಲುಗಳನ್ನು ಪೋಣಿಸುವ ಕೆಲಸವನ್ನು ಎಲಿಯಾಸನು ಆರನೆಯ ವಯಸ್ಸಿನಲ್ಲಿಯೇ ಅಣ್ಣತಮ್ಮಂದಿರೊಡನೆ ಕುಳಿತು ಮಾಡುತ್ತಿದ್ದನು. ಅವನ ದೇಹ ದುರ್ಬಲ. ಹುಟ್ಟಿನಿಂದಲೇ ಕಾಲು ಸ್ವಲ್ಪ ಕುಂಟು. ಹೊಲದ ಕಠಿಣ ದುಡಿಮೆ ಅವನಿಗೆ ಒಗ್ಗಲಿಲ್ಲ. ತಂದೆಯ ಗಿರಣಿಯ ಚಕ್ರಗಳೂ ಹಲ್ಲುಗಾಲಿಗಳೂ ಮಾತ್ರ ಅವನ ಮನಸ್ಸನ್ನು ಸೆಳೆದವು. ಅವನ ಮೊದಲ ಪಾಠಶಾಲೆ ಆ ಗಿರಣಿಯೇ ಎನ್ನಬಹುದು.

1835ರಲ್ಲಿ ಎಲಿಯಾಸನು ಲೊವೆಲ್ ನಗರಕ್ಕೆ ಹೋಗಿ ಗಿರಣಿಯ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದನು. ಎರಡು ವರ್ಷಗಳಲ್ಲಿಯೇ, 1837ರಲ್ಲಿ, ದೇಶಾದ್ಯಂತ ಆರ್ಥಿಕ ಮುಗ್ಗಟ್ಟು ತಲೆದೋರಿ ಗಿರಣಿಗಳು ಮುಚ್ಚಿದವು. ಕೆಲಸ ಕಳೆದುಕೊಂಡ ಅವನು ಬಾಸ್ಟನ್ ನಗರದ ಬಳಿಯ ಕೇಂಬ್ರಿಜಿಗೆ ಬಂದನು. ಮುಂದೆ ಆರಿ ಡೇವಿಸ್ ಎಂಬ ಕುಶಲ ಶಿಲ್ಪಿಯ ಕೈಕೆಳಗೆ ಸೇರಿದನು. ಡೇವಿಸನು ನಾವಿಕರು ಬಳಸುವ ಗಡಿಯಾರಗಳನ್ನೂ ಸೂಕ್ಷ್ಮವಾದ ಉಪಕರಣಗಳನ್ನೂ ತಯಾರಿಸಿ ದುರಸ್ತಿ ಮಾಡುತ್ತಿದ್ದನು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಆ ಕೆಲಸವು ಹೋವನ ಕೈಯನ್ನೂ ಕಣ್ಣನ್ನೂ ಹದಗೊಳಿಸಿತು. ಒಂದು ದಿನ ಅಂಗಡಿಗೆ ಬಂದವರ ಮಾತಿನ ನಡುವೆ ಹೊಲಿಗೆ ಯಂತ್ರದ ವಿಷಯ ಬಂದಿತು. ಅಂತಹ ಯಂತ್ರವನ್ನು ಯಾರಾದರೂ ಮಾಡಿದರೆ ಅವನಿಗೆ ಸಂಪತ್ತು ಕೈಗೂಡುವುದೆಂಬ ಮಾತು ಹೋವನ ಕಿವಿಗೆ ಬಿದ್ದಿತು. ಆಗ ಅವನು ಏನನ್ನೂ ಹೇಳಲಿಲ್ಲ. ಆದರೆ ಆ ಮಾತು ಅವನ ಮನಸ್ಸಿನಲ್ಲಿ ಬಿತ್ತಿದ ಬೀಜದಂತೆ ಉಳಿಯಿತು.

1841ರಲ್ಲಿ ಹೋವನು ಎಲಿಜಬೆತ್ ಏಮ್ಸ್ ಎಂಬಾಕೆಯನ್ನು ವಿವಾಹವಾದನು. ಮೂವರು ಮಕ್ಕಳಾದರು. ವಾರಕ್ಕೆ ಬರುತ್ತಿದ್ದ ಒಂಬತ್ತು ಡಾಲರ್ ಕೂಲಿಯಲ್ಲಿ ಸಂಸಾರ ಸಾಗುವುದು ದುಸ್ತರವಾಯಿತು. ಅನಾರೋಗ್ಯದಿಂದಾಗಿ ಹೋವನು ಸಂಜೆ ಮನೆಗೆ ಬಂದೊಡನೆ ಉಣ್ಣಲೂ ಶಕ್ತಿಯಿಲ್ಲದೆ ಹಾಸಿಗೆಯಲ್ಲಿ ಮಲಗಿಬಿಡುವ ದಿನಗಳಿದ್ದವು. ಎಲಿಜಬೆತಳು ನೆರೆಹೊರೆಯವರ ಬಟ್ಟೆಗಳನ್ನು ತಂದು ಹೊಲಿದು ನಾಲ್ಕು ಕಾಸು ಗಳಿಸುತ್ತಿದ್ದಳು. ಮಲಗಿದಲ್ಲಿಂದಲೇ ಹೋವನು ಹೆಂಡತಿಯ ಕೈಯನ್ನು ನೋಡುತ್ತಿದ್ದನು. ಸೂಜಿ ಒಳಹೋಗುವುದು, ಹೊರಬರುವುದು, ದಾರ ಬಿಗಿಯಾಗುವುದು, ಮತ್ತೆ ಸೂಜಿ ಒಳಹೋಗುವುದು. ಒಂದು ಅಂಗಿಗೆ ಸಾವಿರಾರು ಸಲ ಅದೇ ಚಲನೆ. ಬೇಸರವನ್ನರಿಯದ ಯಂತ್ರವು ಮಾಡಬಹುದಾದ ಕೆಲಸವನ್ನು ದಣಿದ ಜೀವವೊಂದು ಮಾಡುತ್ತಿದೆಯೆಂಬ ಅರಿವು ಅವನಲ್ಲಿ ಮೂಡಿತು. ಅಂಗಡಿಯಲ್ಲಿ ಕೇಳಿದ್ದ ಮಾತು ಆಗ ಮೊಳಕೆಯೊಡೆಯಿತು.

ಮೊದಲಿಗೆ ಹೋವನು ಹೆಂಡತಿಯ ಕೈಚಲನೆಯನ್ನೇ ಅನುಕರಿಸುವ ಯಂತ್ರವನ್ನು ಮಾಡಲು ಹೊರಟನು. ಎರಡು ಕಡೆಯೂ ಚೂಪಾದ, ನಡುವೆ ಕಣ್ಣುಳ್ಳ ಸೂಜಿಯನ್ನು ರಚಿಸಿ ಅದು ಬಟ್ಟೆಯ ಆಚೆಗೂ ಈಚೆಗೂ ಹಾಯುವಂತೆ ಮಾಡಲು ಯತ್ನಿಸಿದನು. ತಿಂಗಳುಗಟ್ಟಲೆ ದುಡಿದರೂ ಅದು ಕೈಗೂಡಲಿಲ್ಲ. ಕೈಯ ಹೊಲಿಗೆಯನ್ನು ಅನುಕರಿಸುವುದೇ ತಪ್ಪು ದಾರಿಯೆಂಬುದು ಅವನಿಗೆ 1844ರಲ್ಲಿ ಮನದಟ್ಟಾಯಿತು. ಒಂದು ದಾರದ ಬದಲು ಎರಡು ದಾರಗಳನ್ನು ಏಕೆ ಬಳಸಬಾರದು? ನೇಕಾರನ ಮಗ್ಗದಲ್ಲಿ ಲಾಳಿಯು ದಾರಗಳ ನಡುವೆ ಹಾಯ್ದುಹೋಗುವಂತೆ ಹೊಲಿಗೆಯಲ್ಲಿಯೂ ಲಾಳಿಯೊಂದನ್ನು ಏಕೆ ಹಾಯಿಸಬಾರದು? ಗಿರಣಿಗಳ ನಡುವೆ ಬೆಳೆದ ಹೋವನಿಗೆ ಈ ವಿಚಾರ ಹೊಳೆದುದು ಸಹಜವೇ ಆಗಿತ್ತು.

ಆ ಯುಕ್ತಿ ಹೀಗಿದೆ. ಸೂಜಿಯ ಕಣ್ಣನ್ನು ಹಿಂತುದಿಯಿಂದ ತೆಗೆದು ಮೊನೆಯ ಬಳಿಯಲ್ಲಿಯೇ ಇರಿಸಬೇಕು. ಆಗ ಸೂಜಿಯು ಪೂರ್ತಿಯಾಗಿ ಬಟ್ಟೆಯನ್ನು ದಾಟಬೇಕಾಗಿಲ್ಲ. ಮೊನೆ ಮಾತ್ರ ದಾರದೊಡನೆ ಆಚೆಗೆ ಹೋದರೆ ಸಾಕು. ಅದು ಹಿಂದಕ್ಕೆ ಸರಿಯುವಾಗ ಆಚೆಯ ಬದಿಯಲ್ಲಿ ದಾರ ಸಡಿಲಗೊಂಡು ಚಿಕ್ಕ ಕುಣಿಕೆಯಾಗುತ್ತದೆ. ಆ ಕುಣಿಕೆಯ ಒಳಗಿನಿಂದ ಮತ್ತೊಂದು ದಾರವನ್ನು ಹೊತ್ತ ಲಾಳಿಯು ಹಾಯ್ದುಹೋಗುತ್ತದೆ. ಸೂಜಿ ಹಿಂದೆ ಬಂದಾಗ ಎರಡು ದಾರಗಳೂ ಬಟ್ಟೆಯ ನಡುವೆ ಒಂದನ್ನೊಂದು ಹೆಣೆದುಕೊಂಡು ಬಿಗಿಯುತ್ತವೆ. ತಿಮೊನಿಯೆಯ ಯಂತ್ರದ ಸರಪಣಿ ಹೊಲಿಗೆಯು ಒಂದೇ ದಾರದ್ದಾದುದರಿಂದ ಒಂದೆಡೆ ಬಿಚ್ಚಿದರೆ ಸಾಲಾಗಿ ಬಿಚ್ಚಿಕೊಳ್ಳುತ್ತಿತ್ತು. ಹೋವನ ಹೊಲಿಗೆ ಹಾಗಲ್ಲ; ಒಂದು ಕಡೆ ದಾರ ಕಡಿದರೂ ಉಳಿದ ಹೊಲಿಗೆ ಭದ್ರವಾಗಿರುತ್ತಿತ್ತು.

ಈ ಸೂಜಿಯ ಕಣ್ಣಿನ ಬಗ್ಗೆ ಸ್ವಾರಸ್ಯವಾದ ಕತೆಯೊಂದು ಪ್ರಚಾರದಲ್ಲಿದೆ. ಕನಸಿನಲ್ಲಿ ಕಾಡುಜನರ ಅರಸನೊಬ್ಬನು ಹೊಲಿಗೆ ಯಂತ್ರವನ್ನು ಕೂಡಲೇ ಮಾಡಿಕೊಡದಿದ್ದರೆ ಕೊಲ್ಲಿಸುವುದಾಗಿ ಹೋವನಿಗೆ ಆಜ್ಞಾಪಿಸಿದನಂತೆ. ಅವನನ್ನು ಸುತ್ತುವರಿದ ಭಟರ ಈಟಿಗಳ ಮೊನೆಯ ಬಳಿ ರಂಧ್ರಗಳಿದ್ದವಂತೆ. ಬೆಚ್ಚಿ ಎಚ್ಚೆತ್ತ ಹೋವನಿಗೆ ಸಮಸ್ಯೆಯ ಪರಿಹಾರ ಅದರಲ್ಲಿಯೇ ಕಂಡಿತಂತೆ. ಕತೆ ನಿಜವೋ ಕಲ್ಪನೆಯೋ, ಆ ಕನಸಿನ ಹಿಂದೆ ವರ್ಷಗಳ ಪರಿಶ್ರಮವಿತ್ತೆಂಬುದು ಮಾತ್ರ ನಿಜ. ಹಗಲೆಲ್ಲ ಒಂದನ್ನೇ ಚಿಂತಿಸಿದವನಿಗಲ್ಲದೆ ಅಂತಹ ಕನಸು ಬೀಳುವುದಿಲ್ಲ.

ಯುಕ್ತಿ ಹೊಳೆದರೆ ಸಾಲದು. ಅದು ಉಕ್ಕಿನಲ್ಲಿ ಮೂಡಬೇಕು. ಹೋವನು ಕೇಂಬ್ರಿಜಿನಲ್ಲಿದ್ದ ತಂದೆಯ ಮನೆಯ ಅಟ್ಟದಲ್ಲಿ ಕೆಲಸಕ್ಕೆ ತೊಡಗಿದನು. ಆದರೆ ಆ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಆಗ ಜಾರ್ಜ್ ಫಿಷರ್ ಎಂಬ ಹಳೆಯ ಗೆಳೆಯನು ನೆರವಿಗೆ ಬಂದನು. ಅವನು ಕಲ್ಲಿದ್ದಲು ಮತ್ತು ಸೌದೆಯ ವ್ಯಾಪಾರಿ. ಹೋವನ ಸಂಸಾರವನ್ನು ತನ್ನ ಮನೆಯಲ್ಲಿರಿಸಿಕೊಂಡು ಊಟವನ್ನಿತ್ತು, ಸಲಕರಣೆಗಳಿಗಾಗಿ 500 ಡಾಲರುಗಳನ್ನು ಕೊಡಲು ಒಪ್ಪಿದನು. ಅದಕ್ಕೆ ಪ್ರತಿಯಾಗಿ ಪೇಟೆಂಟಿನಲ್ಲಿ ಅರ್ಧ ಪಾಲನ್ನು ಪಡೆಯುವುದೆಂದು ನಿಶ್ಚಯವಾಯಿತು. 1844ರ ಡಿಸೆಂಬರಿನಲ್ಲಿ ಹೋವನು ಫಿಷರನ ಮನೆಗೆ ಬಂದನು. ಚಳಿಗಾಲವಿಡೀ ಅಟ್ಟದ ಮೇಲೆ ಅರದ ಸದ್ದು ಕೇಳಿಬರುತ್ತಿತ್ತು.

1845ರ ವಸಂತದಲ್ಲಿ ಯಂತ್ರ ಸಿದ್ಧವಾಯಿತು. ಜುಲೈ ತಿಂಗಳಿನಲ್ಲಿ ಹೋವನು ಅದರ ಸಹಾಯದಿಂದ ಉಣ್ಣೆಯ ಎರಡು ಉಡುಪುಗಳ ಹೊಲಿಗೆಗಳನ್ನೆಲ್ಲ ಮುಗಿಸಿದನು. ಒಂದು ಫಿಷರನಿಗೆ, ಇನ್ನೊಂದು ತನಗೆ. ಇಂದಿನ ಯಂತ್ರಗಳ ಮುಂದೆ ಅದು ವಿಚಿತ್ರವಾಗಿ ಕಾಣುತ್ತದೆ. ಅದರ ಸೂಜಿ ಬಾಗಿದ್ದು, ಮೇಲಿಂದ ಕೆಳಕ್ಕೆ ಚಲಿಸದೆ ಅಡ್ಡಲಾಗಿ ಚಲಿಸುತ್ತಿತ್ತು. ಬಟ್ಟೆಯನ್ನು ಲೋಹದ ಪಟ್ಟಿಯೊಂದರ ಮುಳ್ಳುಗಳಿಗೆ ಸಿಕ್ಕಿಸಿ ನೆಟ್ಟಗೆ ತೂಗುಬಿಡಬೇಕಾಗಿತ್ತು. ಪಟ್ಟಿಯ ಉದ್ದದಷ್ಟು ಹೊಲಿಗೆ ಮುಗಿದೊಡನೆ ನಿಲ್ಲಿಸಿ ಬಟ್ಟೆಯನ್ನು ಮತ್ತೆ ಸಿಕ್ಕಿಸಬೇಕಾಗಿತ್ತು. ನೇರವಾದ ಹೊಲಿಗೆಯಲ್ಲದೆ ಬಾಗಿದ ಹೊಲಿಗೆ ಅದರಿಂದ ಸಾಧ್ಯವಿರಲಿಲ್ಲ. ಆದರೂ ಅದು ನಿಮಿಷಕ್ಕೆ 250 ಹೊಲಿಗೆಗಳನ್ನು ಹಾಕುತ್ತಿತ್ತು.

ಜನರಿಗೆ ನಂಬಿಕೆ ಬರಲೆಂದು ಹೋವನು ಬಾಸ್ಟನ್ನಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಸ್ಪರ್ಧೆಯನ್ನು ಏರ್ಪಡಿಸಿದನು. ಸಮಾನ ಉದ್ದದ ಹತ್ತು ಹೊಲಿಗೆಯ ತುಂಡುಗಳನ್ನು ಸಿದ್ಧಗೊಳಿಸಲಾಯಿತು. ಅತ್ಯಂತ ಚುರುಕಾದ ಐವರು ಹೆಂಗಸರಿಗೆ ಒಂದೊಂದು, ಹೋವನೊಬ್ಬನಿಗೇ ಐದು. ಆ ಹೆಂಗಸರು ತಮ್ಮ ಒಂದೊಂದನ್ನು ಮುಗಿಸುವ ಮೊದಲೇ ಹೋವನು ತನ್ನ ಐದನ್ನೂ ಮುಗಿಸಿದನು. ಅವನ ಹೊಲಿಗೆಯೇ ಹೆಚ್ಚು ಅಚ್ಚುಕಟ್ಟಾಗಿಯೂ ಇತ್ತು. ನೋಡಿದವರೆಲ್ಲ ಬೆರಗಾದರು; ಆದರೆ ಯಾರೊಬ್ಬರೂ ಯಂತ್ರವನ್ನು ಕೊಳ್ಳಲಿಲ್ಲ. ಒಂದು ಯಂತ್ರಕ್ಕೆ ಸುಮಾರು 300 ಡಾಲರ್ ತಗಲುತ್ತಿತ್ತು. ದೊಡ್ಡ ವ್ಯಾಪಾರಿಗೆ ಅಂತಹ ಹಲವು ಯಂತ್ರಗಳು ಬೇಕಾಗುತ್ತಿದ್ದವು. ಯಂತ್ರವನ್ನು ತಂದರೆ ಕೈಕೆಲಸದವರು ತಿರುಗಿಬೀಳುವರೆಂಬ ಭಯವೂ ಇತ್ತು. ತಿಮೊನಿಯೆಗೆ ಒದಗಿದ ಗತಿಯನ್ನು ನೆನೆದರೆ ಆ ಭಯ ನಿರಾಧಾರವೆನ್ನುವಂತಿರಲಿಲ್ಲ.

1846ನೆಯ ಸೆಪ್ಟೆಂಬರ್ 10ರಂದು ಹೋವನಿಗೆ ಪೇಟೆಂಟ್ ದೊರೆಯಿತು. ಅದರ ಸಂಖ್ಯೆ 4,750. ಕಾಗದ ಕೈಗೆ ಬಂದಿತೇ ಹೊರತು ಕಾಸು ಬರಲಿಲ್ಲ. ಕೈಯಿಂದ ಬಹಳ ಹಣವನ್ನು ತೆತ್ತಿದ್ದ ಫಿಷರನು ಬೇಸತ್ತು ದೂರ ಸರಿದನು. ಹೋವನ ಸಂಸಾರವು ಮತ್ತೆ ತಂದೆಯ ಆಸರೆಗೆ ಬಂದಿತು. ಸ್ವದೇಶದಲ್ಲಿ ದೊರೆಯದ ಆದರ ಪರದೇಶದಲ್ಲಿ ದೊರೆಯಬಹುದೆಂಬ ಆಸೆಯಿಂದ ಅವನ ಸೋದರನಾದ ಅಮಾಸಾ ಹೋವನು ಯಂತ್ರದೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದನು. ಲಂಡನ್ನಿನಲ್ಲಿ ವಿಲಿಯಂ ಥಾಮಸ್ ಎಂಬ ವ್ಯಾಪಾರಿಯು 250 ಪೌಂಡುಗಳನ್ನಿತ್ತು ಆ ಯಂತ್ರವನ್ನೂ ಇಂಗ್ಲೆಂಡಿನಲ್ಲಿ ಅದರ ಹಕ್ಕನ್ನೂ ಕೊಂಡನು. ಹೆಂಗಸರ ಒಳಕವಚಗಳನ್ನೂ ಕೊಡೆಗಳನ್ನೂ ತಯಾರಿಸುತ್ತಿದ್ದ ಅವನು ತನ್ನ ಕೆಲಸಕ್ಕೆ ತಕ್ಕಂತೆ ಯಂತ್ರವನ್ನು ಮಾರ್ಪಡಿಸಲು ಹೋವನನ್ನು ವಾರಕ್ಕೆ ಮೂರು ಪೌಂಡು ಸಂಬಳದ ಮೇಲೆ ಕರೆಸಿಕೊಂಡನು. ಹೋವನು ಹೆಂಡತಿ ಮಕ್ಕಳನ್ನೂ ಲಂಡನ್ನಿಗೆ ಕರೆಸಿಕೊಂಡನು.

ಯಂತ್ರದ ಮಾರ್ಪಾಟು ಮುಗಿದ ಮೇಲೆ ಇಬ್ಬರಿಗೂ ಮನಸ್ತಾಪವುಂಟಾಗಿ ಹೋವನು ಕೆಲಸವನ್ನು ಬಿಡಬೇಕಾಯಿತು. ಪರದೇಶ, ಪರಿಚಯದವರಿಲ್ಲ, ಹೆಂಡತಿಯ ಆರೋಗ್ಯ ದಿನದಿನಕ್ಕೆ ಕುಸಿಯುತ್ತಿತ್ತು. ಬಾಡಿಗೆಗೆ ಮೂರು ಕೋಣೆಗಳಿದ್ದಲ್ಲಿಂದ ಒಂದು ಕೋಣೆಗೆ ಇಳಿದರು. ಕೊನೆಗೆ ಹೋವನು ಸಾಲ ಸೋಲ ಮಾಡಿ ಹೆಂಡತಿ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿ ತಾನೊಬ್ಬನೇ ಉಳಿದನು. ಹೊಸದೊಂದು ಯಂತ್ರವನ್ನು ಕಟ್ಟಿ ಮಾರಲು ಯತ್ನಿಸಿದರೂ ತಕ್ಕ ಬೆಲೆ ಬರಲಿಲ್ಲ. ಊರಿಗೆ ಮರಳಲು ಬೇರೆ ದಾರಿಯೇ ಕಾಣದಿದ್ದಾಗ ಅವನು ತನ್ನ ಮೊದಲ ಯಂತ್ರವನ್ನೂ ಪೇಟೆಂಟಿನ ಸನ್ನದನ್ನೂ ಗಿರವಿ ಇಟ್ಟನು. ಜೀವಮಾನದ ಶ್ರಮವೆಲ್ಲವೂ ಗಿರವಿಯಂಗಡಿಯ ಕಪಾಟನ್ನು ಸೇರಿತು.

1849ರಲ್ಲಿ ನ್ಯೂಯಾರ್ಕಿನಲ್ಲಿ ಹಡಗಿನಿಂದಿಳಿದಾಗ ಹೋವನ ಕಿಸೆಯಲ್ಲಿದ್ದುದು ಅರ್ಧ ಕ್ರೌನ್, ಅಂದರೆ ಎರಡೂವರೆ ಷಿಲಿಂಗ್ ಮಾತ್ರ. ಅವನು ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ಕೂಲಿಗೆ ಸೇರಿದನು. ಅಷ್ಟರಲ್ಲಿಯೇ ಕೇಂಬ್ರಿಜಿನಿಂದ ಸುದ್ದಿ ಬಂದಿತು: ಎಲಿಜಬೆತಳು ಕ್ಷಯರೋಗದಿಂದ ಸಾವಿನ ಹಾಸಿಗೆಯಲ್ಲಿದ್ದಳು. ಊರಿಗೆ ಹೋಗಲು ಹಣವಿಲ್ಲ. ತಂದೆಯು ಕಳುಹಿಸಿದ ಹತ್ತು ಡಾಲರ್ ತಲಪಿದ ಮೇಲೆ ಹೊರಟು, ಅವಳ ಕೊನೆಯುಸಿರಿಗೆ ಮುನ್ನ ಹೇಗೋ ಮನೆಯನ್ನು ಸೇರಿದನು. ಅವಳ ಅಂತ್ಯಸಂಸ್ಕಾರಕ್ಕೆ ಧರಿಸಲು ಅವನಲ್ಲಿ ಒಳ್ಳೆಯ ಉಡುಪಿರಲಿಲ್ಲ. ಭಾವಮೈದುನನ ಬಟ್ಟೆಯನ್ನು ಎರವಲು ಪಡೆದು ಧರಿಸಿದನು. ಜಗತ್ತಿಗೆ ಬಟ್ಟೆ ಹೊಲಿದುಕೊಡುವ ಯಂತ್ರವನ್ನು ರಚಿಸಿದವನ ಸ್ಥಿತಿ ಇದು. ಯಾವ ಕೈಗಳ ದಣಿವನ್ನು ಕಂಡು ಅವನು ಯಂತ್ರಕ್ಕೆ ಕೈಹಾಕಿದನೋ ಆ ಕೈಗಳು ಯಂತ್ರದ ಸುಖವನ್ನು ಕಾಣದೆಯೇ ತಣ್ಣಗಾದವು. ಇದು ಸಾಲದೆಂಬಂತೆ, ಅವನ ಮನೆಯ ಸಾಮಾನುಗಳನ್ನು ತರುತ್ತಿದ್ದ ಹಡಗು ಕಾಡ್ ಭೂಶಿರದ ಬಳಿ ಒಡೆದುಹೋಯಿತೆಂಬ ಸುದ್ದಿಯೂ ಬಂದಿತು.

ಈ ದುಃಖದ ನಡುವೆ ಹೋವನಿಗೆ ಮತ್ತೊಂದು ಸಂಗತಿ ತಿಳಿಯಿತು. ಅವನು ಇಂಗ್ಲೆಂಡಿನಲ್ಲಿದ್ದಾಗ ಅಮೆರಿಕದಲ್ಲಿ ಹಲವರು ಹೊಲಿಗೆ ಯಂತ್ರಗಳನ್ನು ತಯಾರಿಸಿ ಮಾರತೊಡಗಿದ್ದರು. ಮೊನೆಯ ಬಳಿ ಕಣ್ಣುಳ್ಳ ಸೂಜಿ, ಲಾಳಿ, ಎರಡು ದಾರಗಳ ಹೊಲಿಗೆ ಎಲ್ಲವೂ ಅವುಗಳಲ್ಲಿದ್ದವು. ಮುಂದೆ ಇವರೆಲ್ಲರಿಗಿಂತ ಹೆಸರಾದವನು ಐಸಾಕ್ ಮೆರಿಟ್ ಸಿಂಗರ್. 1851ರಲ್ಲಿ ಪೇಟೆಂಟ್ ಪಡೆದ ಅವನ ಯಂತ್ರದಲ್ಲಿ ಸೂಜಿ ನೇರವಾಗಿದ್ದು ಮೇಲೆ ಕೆಳಗೆ ಚಲಿಸುತ್ತಿತ್ತು. ಬಟ್ಟೆ ಮೇಜಿನ ಮೇಲೆ ಸಮನಾಗಿರುತ್ತಿತ್ತು. ಅದನ್ನು ಅದುಮಿ ಹಿಡಿಯುವ ಪಾದವಿತ್ತು. ಕಾಲಿನಿಂದ ತುಳಿದು ನಡೆಸಬಹುದಾಗಿತ್ತು. ಇವು ಬಹು ಮುಖ್ಯವಾದ ಸುಧಾರಣೆಗಳೆಂಬುದನ್ನು ಒಪ್ಪಲೇಬೇಕು. ಹೋವನ ಯಂತ್ರವು ಹೊಲಿಯಬಲ್ಲುದಾಗಿತ್ತು. ಸಿಂಗರನ ಯಂತ್ರವು ಎಲ್ಲರ ಕೈಗೂ ಒಗ್ಗುವಂತಿತ್ತು. ಆದರೆ ಅದರ ಹೊಲಿಗೆಯ ಮೂಲ ಹೋವನ ಪೇಟೆಂಟಿನಲ್ಲಿಯೇ ಇತ್ತು.

ಹೋವನು ತನ್ನ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲನ್ನೇರಲು ನಿರ್ಧರಿಸಿದನು. ಅದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿತ್ತು. ಲಂಡನ್ನಿನಲ್ಲಿ ಗಿರವಿಯಲ್ಲಿದ್ದ ಹಳೆಯ ಯಂತ್ರವನ್ನೂ ಸನ್ನದನ್ನೂ ಬಿಡಿಸಿ ತರಬೇಕಾಗಿತ್ತು. ಹೇಗೋ ಹಣವನ್ನು ಕೂಡಿಸಿ, ಲಂಡನ್ನಿಗೆ ಹೊರಟಿದ್ದವರೊಬ್ಬರ ಕೈಯಲ್ಲಿ ಕೊಟ್ಟು ಅವನು ಅವನ್ನು ಬಿಡಿಸಿ ತರಿಸಿದನು. ವ್ಯಾಜ್ಯಕ್ಕೆ ಬೇಕಾದ ಹಣಕ್ಕಾಗಿ ಜಾರ್ಜ್ ಬ್ಲಿಸ್ ಎಂಬ ಹೊಸ ಪಾಲುದಾರನನ್ನು ಹುಡುಕಿದನು. ಬ್ಲಿಸನು ಫಿಷರನ ಅರ್ಧ ಪಾಲನ್ನು ಕೊಂಡನು. ಆದರೆ ತನ್ನ ಹಣಕ್ಕೆ ಭದ್ರತೆಯನ್ನು ಕೇಳಿದಾಗ ಹೋವನ ವೃದ್ಧ ತಂದೆಯು ತನ್ನ ಜಮೀನನ್ನು ಅಡವಾಗಿ ಕೊಟ್ಟನು. ಮಗನ ಯಂತ್ರ ಸೋತರೆ ಮುಪ್ಪಿನಲ್ಲಿ ಆ ತಂದೆಗೆ ನೆಲೆಯೇ ಇರುತ್ತಿರಲಿಲ್ಲ.

ವ್ಯಾಜ್ಯವು ವರ್ಷಗಟ್ಟಲೆ ನಡೆಯಿತು. ಹೋವನಿಗಿಂತ ಮೊದಲೇ ಬೇರೊಬ್ಬನು ಇಂತಹ ಯಂತ್ರವನ್ನು ರಚಿಸಿದ್ದನೆಂದು ಸಾಧಿಸಿದರೆ ಅವನ ಪೇಟೆಂಟ್ ಬಿದ್ದುಹೋಗುತ್ತದೆಂದು ಎದುರಾಳಿಗಳು ಎಣಿಸಿದರು. ಹುಡುಕುತ್ತ ಹೋಗಿ ವಾಲ್ಟರ್ ಹಂಟನನ್ನು ಪತ್ತೆಹಚ್ಚಿದರು. ಮೂಲೆಗೆ ಬಿದ್ದಿದ್ದ ಅವನ ಹಳೆಯ ಯಂತ್ರದ ತುಕ್ಕು ಹಿಡಿದ ಭಾಗಗಳನ್ನು ಅರಸಿ ತೆಗೆದರು. ಹಂಟನು ಮತ್ತೆ ಕೆಲಸಕ್ಕೆ ಕುಳಿತು, ತನ್ನ ಯಂತ್ರಕ್ಕಾಗಿ 1853ರಲ್ಲಿ ಪೇಟೆಂಟನ್ನು ಕೋರಿದನು. ಹೀಗೆ ಎರಡು ಹಳೆಯ ಯಂತ್ರಗಳು ಇದಿರುಬದಿರಾಗಿ ನಿಂತವು. ಒಂದನ್ನು ಅದರ ಒಡೆಯನು ಹಸಿವಿನಲ್ಲಿಯೂ ಮರೆಯದೆ ಗಿರವಿಯಿಂದ ಬಿಡಿಸಿ ತಂದಿದ್ದನು. ಇನ್ನೊಂದನ್ನು ಅದರ ಒಡೆಯನು ಸುಮಾರು ಇಪ್ಪತ್ತು ವರ್ಷಗಳ ಕಾಲ ತುಕ್ಕಿಗೆ ಬಿಟ್ಟಿದ್ದನು.

1854ರಲ್ಲಿ ತೀರ್ಮಾನ ಹೊರಬಿದ್ದಿತು. ಯಂತ್ರವನ್ನು ಮೊದಲು ರಚಿಸಿದವನು ಹಂಟನೇ ಎಂದು ಪೇಟೆಂಟಿನ ಅಧಿಕಾರಿಯು ಒಪ್ಪಿದನು. ಆದರೆ ಅದನ್ನು ಲೋಕಕ್ಕೆ ಕೊಡದೆ ಕೈಬಿಟ್ಟುದರಿಂದ ಹಂಟನು ಹಕ್ಕನ್ನು ಕಳೆದುಕೊಂಡಿದ್ದಾನೆಂದೂ ಹೋವನ ಪೇಟೆಂಟೇ ನಿಲ್ಲುವುದೆಂದೂ ನಿರ್ಣಯವಾಯಿತು. ನ್ಯಾಯಾಲಯವೂ ಹೋವನ ಪರವಾಗಿಯೇ ತೀರ್ಪನ್ನಿತ್ತಿತು. ಸಿಂಗರನ ಸಂಸ್ಥೆಯು ಹೋವನಿಗೆ 15,000 ಡಾಲರುಗಳನ್ನು ತೆರಬೇಕಾಯಿತು. ಹಂಟನನ್ನು ಇಲ್ಲಿ ಹೀನಾಯವಾಗಿ ಕಾಣಬೇಕಾಗಿಲ್ಲ. ಇಂದು ಎಲ್ಲರೂ ಬಳಸುವ ಪಿನ್ನನ್ನು, ಮೊನೆ ಮುಚ್ಚಿಕೊಳ್ಳುವ ಆ ಸುರಕ್ಷಿತ ಪಿನ್ನನ್ನು, ರೂಪಿಸಿದವನೂ ಅವನೇ. ಅವನ ಪ್ರತಿಭೆ ಹೋವನದಕ್ಕಿಂತ ಕಡಿಮೆಯದಾಗಿರಲಿಲ್ಲ. ಕಡಿಮೆಯಾದುದು ಹಿಡಿದ ಕೆಲಸವನ್ನು ದಡ ಸೇರಿಸುವ ಛಲ.

1856ರಲ್ಲಿ ಹೊಲಿಗೆ ಯಂತ್ರದ ಪ್ರಮುಖ ತಯಾರಕರು ಜಗಳವನ್ನು ಬಿಟ್ಟು ತಮ್ಮ ಪೇಟೆಂಟುಗಳನ್ನು ಒಟ್ಟುಗೂಡಿಸಿದರು. ಹೋವನೂ ಆ ಒಕ್ಕೂಟವನ್ನು ಸೇರಿದನು. ಯಂತ್ರ ತಯಾರಿಸುವ ಅನುಮತಿಯನ್ನು ಕಡೆಯ ಪಕ್ಷ 24 ಮಂದಿ ತಯಾರಕರಿಗಾದರೂ ಕೊಡಬೇಕೆಂದು ಅವನು ಪಟ್ಟು ಹಿಡಿದನು. ಅಮೆರಿಕದಲ್ಲಿ ಮಾರಾಟವಾಗುವ ಪ್ರತಿಯೊಂದು ಯಂತ್ರಕ್ಕೆ ಐದು ಡಾಲರ್, ಹೊರದೇಶಕ್ಕೆ ಹೋಗುವ ಯಂತ್ರಕ್ಕೆ ಒಂದು ಡಾಲರಿನಂತೆ ಅವನಿಗೆ ರಾಯಧನ ಸಲ್ಲತೊಡಗಿತು. ಎರವಲು ಬಟ್ಟೆ ತೊಟ್ಟಿದ್ದವನು ಕೆಲವೇ ವರ್ಷಗಳಲ್ಲಿ ದೇಶದ ಸಿರಿವಂತರಲ್ಲಿ ಒಬ್ಬನಾದನು. ಜೀವಮಾನದಲ್ಲಿ ಅವನು ಸುಮಾರು 20 ಲಕ್ಷ ಡಾಲರುಗಳನ್ನು ಗಳಿಸಿದನೆಂದು ಅಂದಾಜು.

ಸಂಪತ್ತು ಅವನನ್ನು ಬದಲಿಸಲಿಲ್ಲ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, 1862ರಲ್ಲಿ, ಅವನು ಕನೆಕ್ಟಿಕಟ್ ರಾಜ್ಯದ 17ನೆಯ ಸ್ವಯಂಸೇವಕ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದನು. ಕುಂಟುಕಾಲಿನಿಂದ ಕವಾಯತು ಸಾಧ್ಯವಾಗದಿದ್ದಾಗ ದಳದ ಅಂಚೆಯನ್ನು ಹೊತ್ತು ತರುವ ಕೆಲಸವನ್ನು ವಹಿಸಿಕೊಂಡನು. ಸರಕಾರದಿಂದ ಸೈನಿಕರ ಸಂಬಳ ಬರುವುದು ತಡವಾದಾಗ ತನ್ನ ಸ್ವಂತ ಹಣದಿಂದ ಇಡೀ ದಳದ ಸಂಬಳವನ್ನು ಮುಂಗಡವಾಗಿ ಕೊಟ್ಟನು. ಹಸಿವೆಂದರೇನೆಂಬುದನ್ನು ಅರಿತವನಿಗೆ ಮನೆಯಲ್ಲಿ ಹಣಕ್ಕಾಗಿ ಕಾಯುವವರ ಕಷ್ಟ ಗೊತ್ತಿತ್ತು.

1867ರಲ್ಲಿ ಪ್ಯಾರಿಸಿನ ವಿಶ್ವ ಪ್ರದರ್ಶನದಲ್ಲಿ ಹೋವನಿಗೆ ಚಿನ್ನದ ಪದಕ ದೊರೆಯಿತು. ಫ್ರಾನ್ಸ್ ಸರಕಾರವು ತನ್ನ ಗೌರವ ಪದವಿಯನ್ನಿತ್ತು ಮನ್ನಿಸಿತು. ತಿಮೊನಿಯೆಯ ಯಂತ್ರಗಳನ್ನು ಒಡೆದುಹಾಕಿದ್ದ ನಗರದಲ್ಲಿಯೇ ಹೊಲಿಗೆ ಯಂತ್ರಕ್ಕೆ ಈ ಸನ್ಮಾನವಾಯಿತು. ಆದರೆ ಹೋವನ ಆಯುಷ್ಯ ಮುಗಿಯುತ್ತ ಬಂದಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವನ ಪೇಟೆಂಟಿನ ಅವಧಿ ಕೊನೆಗೊಂಡಿತು. ಒಂದು ತಿಂಗಳೂ ಕಳೆಯುವ ಮೊದಲೇ, ಅಕ್ಟೋಬರ್ 3ರಂದು, ಬ್ರೂಕ್ಲಿನ್ನಿನಲ್ಲಿ ಅವನು ತೀರಿಕೊಂಡನು. ಆಗ ಅವನಿಗೆ 48 ವರ್ಷ.

ಹೊಲಿಗೆ ಯಂತ್ರವು ಮನೆಮನೆಯ ಬಾಳನ್ನು ಬದಲಿಸಿತು. ಕೈಯಲ್ಲಿ ಹೊಲಿದರೆ ಹದಿನಾಲ್ಕು ಗಂಟೆಗಿಂತ ಹೆಚ್ಚು ಕಾಲ ಹಿಡಿಯುತ್ತಿದ್ದ ಗಂಡಸಿನ ಅಂಗಿಯು ಯಂತ್ರದಿಂದ ಒಂದು ಗಂಟೆ 16 ನಿಮಿಷಗಳಲ್ಲಿ ಸಿದ್ಧವಾಗುವುದೆಂದು ಆ ಕಾಲದ ತಯಾರಕರು ಲೆಕ್ಕ ಕೊಟ್ಟಿದ್ದರು. ಆದರೆ ಯಂತ್ರವು ಬಂದ ಮಾತ್ರಕ್ಕೆ ಬಡವರ ಬವಣೆ ನೀಗಲಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೆಂಗಸರು ಕಡಿಮೆ ಕೂಲಿಗೆ ದೀರ್ಘಕಾಲ ಯಂತ್ರದ ಮುಂದೆ ಬಗ್ಗಿ ದುಡಿಯುವಂತಾಯಿತು. ಯಂತ್ರವು ಶ್ರಮವನ್ನು ಉಳಿಸಬಲ್ಲುದು; ಉಳಿದ ಶ್ರಮದ ಫಲ ಯಾರಿಗೆ ಸೇರಬೇಕೆಂಬುದನ್ನು ನಿರ್ಧರಿಸಬೇಕಾದವನು ಮನುಷ್ಯನೇ.

ಯಂತ್ರನಾಗರಿಕತೆಯನ್ನು ಕಟುವಾಗಿ ವಿಮರ್ಶಿಸಿದ ಮಹಾತ್ಮ ಗಾಂಧೀಜಿಯವರೂ ಹೊಲಿಗೆ ಯಂತ್ರವನ್ನು ಮೆಚ್ಚಿದ್ದರು. 1924ರಲ್ಲಿ ದೆಹಲಿಯಲ್ಲಿ ರಾಮಚಂದ್ರನ್ ಎಂಬ ವಿದ್ಯಾರ್ಥಿಯೊಡನೆ ಮಾತನಾಡುತ್ತ ಅವರು, ಎಲ್ಲ ಯಂತ್ರಗಳನ್ನೂ ತಾವು ವಿರೋಧಿಸುವುದಿಲ್ಲವೆಂದು ತಿಳಿಸಿ ಹೊಲಿಗೆ ಯಂತ್ರವನ್ನು ನಿದರ್ಶನವಾಗಿ ತೆಗೆದುಕೊಂಡರು. ಹೆಂಡತಿಯ ಬೆರಳುಗಳ ದಣಿವನ್ನು ಕಂಡು ಮರುಗಿದ ಗಂಡನ ಪ್ರೀತಿಯೇ ಆ ಯಂತ್ರದ ಮೂಲವೆಂದು ಅವರು ಭಾವಿಸಿದ್ದರು. ಅವರು ಹೇಳಿದ ಹೆಸರು ಸಿಂಗರನದು. ಸಿಂಗರನ ಯಂತ್ರಗಳೇ ಭಾರತದಲ್ಲಿ ಹೆಚ್ಚು ಪ್ರಸಿದ್ಧವಾಗಿದ್ದುದರಿಂದ ಅದು ಸಹಜವೇ. ಆದರೆ ಆ ಕತೆಗೆ ನಿಜವಾಗಿ ಹೊಂದುವುದು ಎಲಿಯಾಸ್ ಹೋವನ ಬಾಳು.

ಹೋವನು ಪೇಟೆಂಟಿಗಾಗಿ ಸಲ್ಲಿಸಿದ ಯಂತ್ರದ ಮಾದರಿಯು ವಾಷಿಂಗ್ಟನ್ ನಗರದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಹಲವಾರು ಹೊಲಿಗೆ ಯಂತ್ರಗಳನ್ನು ಜಗತ್ತಿನ ನಾನಾ ಕಡೆ ಆಸಕ್ತರು ಹುಡುಕಿ ತಂದು, ಒಣಗಿ ಅಂಟಾದ ಎಣ್ಣೆಯನ್ನು ಕರಗಿಸಿ, ತುಕ್ಕನ್ನು ತೊಡೆದು, ಹೊಸ ಎಣ್ಣೆಯನ್ನು ಬಿಟ್ಟು ಮತ್ತೆ ನಡೆಯುವಂತೆ ಮಾಡುತ್ತಾರೆ. ಬೀಡುಕಬ್ಬಿಣದ ಆ ಯಂತ್ರಗಳು ನೂರು ವರ್ಷ ಕಳೆದರೂ, ಸ್ವಲ್ಪ ಆರೈಕೆ ದೊರೆತರೆ, ಹೊಸ ಬಟ್ಟೆಯನ್ನು ಹೊಲಿಯುತ್ತವೆ. ನಮ್ಮ ನಾಡಿನ ಹಳೆಯ ಮನೆಗಳಲ್ಲಿಯೂ ಅಜ್ಜಿಯ ಕಾಲದ ಯಂತ್ರವೊಂದು ಹೊದಿಕೆಯ ಕೆಳಗೆ ಮೂಲೆಯಲ್ಲಿ ಕುಳಿತಿರುವುದುಂಟು. ಅದರ ಚಕ್ರವನ್ನು ನಿಧಾನವಾಗಿ ತಿರುಗಿಸಿ ನೋಡಿದರೆ, ಮೊನೆಯ ಬಳಿ ಕಣ್ಣುಳ್ಳ ಸೂಜಿ ಕೆಳಗಿಳಿಯುವುದೂ ಅದರ ದಾರ ಕುಣಿಕೆಯಾಗುವುದೂ ಎರಡನೆಯ ದಾರ ಅದರೊಡನೆ ಹೆಣೆದುಕೊಳ್ಳುವುದೂ ಕಾಣುತ್ತದೆ. ದಣಿದ ಕೈಗಳನ್ನು ನೋಡುತ್ತ ಮಲಗಿದ್ದ ಬಡ ಕೆಲಸಗಾರನೊಬ್ಬನು ಹುಡುಕಿ ತೆಗೆದು, ಗಿರವಿಯಿಂದ ಬಿಡಿಸಿ ಉಳಿಸಿದ ಹೊಲಿಗೆ ಅದು. ಅದರ ಪ್ರತಿಯೊಂದು ಗಂಟಿನಲ್ಲಿಯೂ ಅವನ ಛಲವೂ ಎಲಿಜಬೆತಳ ಶ್ರಮವೂ ಎರಡು ದಾರಗಳಂತೆ ಹೆಣೆದುಕೊಂಡಿವೆ.